ಗೋಡೆಯಾಚೆಯ ಸೇತುವೆ

ಕೊಳ್ಳೇಗಾಲದ ಕೆರೆಬೀದಿಯಲ್ಲಿ ರಂಗಮ್ಮ ಕಾಲಿಡದ ಮನೆ ಇರಲಿಲ್ಲ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದುದ್ದ ಎಳೆಗಳ ಹರವು, ನೇಯ್ದು ಮುಗಿಯುತ್ತ ಬಂದಾಗ ಅದರ ತುದಿಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸಬೇಕು. ಕೂದಲಿಗಿಂತ ಸಣ್ಣ ರೇಷ್ಮೆ ಎಳೆ, ಸಾವಿರಗಟ್ಟಲೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯುತ್ತ ಹೋಗುವ ಆ ಕೆಲಸಕ್ಕೆ ಬೀದಿಯವರು ಕರೆಯುತ್ತಿದ್ದುದು ಅವಳನ್ನೇ. ಕರೆದ ಮನೆಯಲ್ಲಿ ಬೆಳಗ್ಗೆ ಕೂತರೆ ಸಂಜೆಯವರೆಗೂ ಏಳುವಂತಿಲ್ಲ. ಕೈ ಎಳೆಯ ಮೇಲೆ, ಬಾಯಿ ಮಾತಿನ ಮೇಲೆ. ಹಾಗಾಗಿ ಯಾರ ಮನೆಯ ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ, ಯಾರ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆ ಒಲೆ ಹೂಡುವ ಯೋಚನೆಯಲ್ಲಿದ್ದಾರೆ, ಎಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಕೇಳಿದ್ದನ್ನು ಅವಳು ಇನ್ನೊಂದು ಮನೆಗೆ ದಾಟಿಸುತ್ತಿರಲಿಲ್ಲ. ಎಷ್ಟೋ ಜಗಳ ಅವಳೆದುರಿಗೇ ಆರಿಹೋಗಿದ್ದವು. ‘ರಂಗಕ್ಕ ಏಳವ್ಳೆ’ ಎಂದರೆ ಬೀದಿಯಲ್ಲಿ ಅದಕ್ಕೆ ಎದುರಾಡುವವರು ಕಡಿಮೆ.

ಕೆರೆಬೀದಿಯ ಮನೆಗಳ ಹಿತ್ತಿಲು ಅಕ್ಕಮ್ಮನ ಕೆರೆಗೆ ತೆರೆದುಕೊಂಡಿತ್ತು. ಹಿತ್ತಿಲು ದಾಟಿದರೆ ಸಾಲು ಹೊಂಗೆ ಮರ, ಮರಗಳ ಕೆಳಗೆ ಉದ್ದಕ್ಕೂ ಸಮನಾದ ದಂಡೆ. ಬೆಳಗಿನ ತಂಪಿನಲ್ಲಿ ನೇಕಾರರು ಹಾಸನ್ನು ಆ ದಂಡೆಯುದ್ದಕ್ಕೂ ಚಾಚಿ, ಗಂಜಿ ಕೊಟ್ಟು, ಕುಂಚದಿಂದ ಸವರಿ, ಸಿಕ್ಕು ಬಿಡಿಸಿ, ಬಿಸಿಲೇರುವ ಮುಂಚೆ ಸುತ್ತಿಕೊಂಡು ಬರುತ್ತಿದ್ದರು. ತಾತನ ಕಾಲದಿಂದಲೂ ಅದು ಹಾಗೇ. ಆ ಜಾಗ ಯಾರದೆಂದು ಯಾರೂ ಕೇಳಿರಲಿಲ್ಲ.

ಕೆರೆಯ ಆಚೆ ದಡದಲ್ಲಿ ಹೊಸ ಬಡಾವಣೆ. ಆಸ್ಪತ್ರೆ, ಶಾಲೆ, ಸಂತೆಮಾಳ ಎಲ್ಲ ಆ ಕಡೆಯೇ. ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಹೋಗಬೇಕಾದರೆ ಏರಿ ಸುತ್ತಿಕೊಂಡು, ಲಾರಿಗಳು ಓಡಾಡುವ ದೊಡ್ಡ ರಸ್ತೆಯ ತಿರುವಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಆ ತಿರುವಿನಲ್ಲೇ ರಂಗಮ್ಮನ ಗಂಡ ಗೋವಿಂದಯ್ಯ ಜಲ್ಲಿ ಲಾರಿಗೆ ಸಿಕ್ಕಿ ಸತ್ತದ್ದು. ಹೆಗಲ ಮೇಲೆ ಸುತ್ತಿದ ಹಾಸು ಇತ್ತು. ಪಕ್ಕದ ಮನೆಯ ಚೌಡೇಶ ಅವನನ್ನು ಹೊತ್ತುಕೊಂಡು ಆಸ್ಪತ್ರೆಯತ್ತ ಓಡಿದ್ದ. ಓಡುತ್ತಿರುವಾಗಲೇ ಜೀವ ಹೋಗಿತ್ತು.

ಆಗ ಕೆರೆ ಕೆರೆಯಾಗಿರಲಿಲ್ಲ. ಅರ್ಧ ಜೊಂಡು, ಅರ್ಧ ಊರಿನ ಕಸ. ಬೇಸಿಗೆಯಲ್ಲಿ ಬಡಾವಣೆಯವರು ಕಿಟಕಿ ತೆಗೆಯುತ್ತಿರಲಿಲ್ಲ. ಆಮೇಲೆ ಒಂದು ವರ್ಷ ದೊಡ್ಡ ಯಂತ್ರಗಳು ಬಂದು ಹೂಳೆತ್ತಿದವು. ಆಚೆ ದಡದಲ್ಲಿ ಕಲ್ಲು ಹಾಸಿದ ದಾರಿ, ಬೆಂಚು, ದೀಪ, ಹುಲ್ಲುಹಾಸು ಆದವು. ಸಂಜೆ ಅಲ್ಲಿ ಷೂ ಹಾಕಿಕೊಂಡು ನಡೆಯುವವರನ್ನು ಈಚೆಯವರು ಹಿತ್ತಿಲಿನಲ್ಲಿ ನಿಂತು ನೋಡುತ್ತಿದ್ದರು.

ಒಂದು ಭಾನುವಾರ ಕೆರೆ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಗುರುಮಲ್ಲಪ್ಪನವರು ಕೆರೆಬೀದಿಗೆ ಬಂದರು. ಅಕ್ಕಿ ಗಿರಣಿಯ ಯಜಮಾನರು, ಬಡಾವಣೆಯಲ್ಲಿ ಮೂರಂತಸ್ತಿನ ಮನೆ, ಹಣೆಯ ಮೇಲೆ ಅಳಿಸದ ವಿಭೂತಿ. ಜೊತೆಗೆ ನಿರಂಜನ್ ಎಂಬ ಇಂಜಿನಿಯರ್. ಹೊಂಗೆ ಮರದ ಕೆಳಗೆ ಬೀದಿಯವರೆಲ್ಲ ಸೇರಿದರು. ನಿರಂಜನ್ ಒಂದು ದೊಡ್ಡ ಚಿತ್ರ ಬಿಡಿಸಿ ತೋರಿಸಿದ. ನೀರಿನ ಮೇಲೆ ಬಿಳಿಯ ಸೇತುವೆ, ಕಾಲ್ನಡಿಗೆಯವರಿಗೆ ಮಾತ್ರ. ಆ ತುದಿಯಲ್ಲಿ ಬಡಾವಣೆ, ಈ ತುದಿಯಲ್ಲಿ ಕೆರೆಬೀದಿ. ಈ ತುದಿಯಲ್ಲಿ ಸೀರೆಯ ಅಂಗಡಿಸಾಲು, ಪಕ್ಕದಲ್ಲಿ ಹಾಸು ಚಾಚಲು ಉದ್ದನೆಯ ಚಪ್ಪರ.

“ಮಾದೇಶ್ವರನ ಬೆಟ್ಟಕ್ಕೆ ಓಗೋ ಜನ, ಮೈಸೂರಿಂದ ಬರೋ ಜನ, ಎಲ್ಲ ಸೇತುವೆ ನೋಡಕ್ಕೆ ಬತ್ತರೆ,” ಎಂದರು ಗುರುಮಲ್ಲಪ್ಪನವರು. “ಆ ಕಡೆ ಅತ್ತಿ ಈ ಕಡೆ ಇಳೀತರೆ. ಇಳಿದ್ರೆ ಎದುರುಗೆ ನಿಮ್ ಮಗ್ಗ. ಮಧ್ಯದ ಯಾಪಾರಿ ಯಾಕೆ ಬೇಕು ನಿಮ್ಗೆ? ಆದ್ರೆ ಸೇತುವೆ ಕಾಲೂರಕ್ಕೆ ಈ ದಂಡೆ ಬೇಕು.”

“ದಂಡೆ ಕೊಟ್ಬುಟ್ಟು ಅಲ್ಲೀಗಂಟ ಆಸು ಎಲ್ಲಿ ಚಾಚನ ಸಾವ್ಕಾರ್ರೇ? ನಿಮ್ ಗಿರಣಿ ಕಣದಲ್ಲಾ?” ಎಂದು ಕೇಳಿದವನು ಚೌಡೇಶ. ನಾಲ್ಕು ಜನ ನಕ್ಕರು. ಗುರುಮಲ್ಲಪ್ಪನವರೂ ನಕ್ಕರು. ಆದರೆ ಅವರ ಕಣ್ಣು ಆಗಲೇ ಜನರ ನಡುವೆ ಹುಡುಕಿ ರಂಗಮ್ಮನ ಮೇಲೆ ಬಂದು ನಿಂತಿತ್ತು. ಬೀದಿಯ ಬೀಗ ಯಾರ ಸೆರಗಿನಲ್ಲಿದೆ ಎಂಬುದನ್ನು ಅವರಿಗೆ ಯಾರೋ ಮೊದಲೇ ಹೇಳಿರಬೇಕು.

ಎರಡು ದಿನ ಬಿಟ್ಟು ಅವರು ಅವಳ ಮನೆಯ ಜಗಲಿಗೇ ಬಂದು ಕೂತು, ಕೊಟ್ಟ ಕಾಫಿ ಕುಡಿದರು. ಗೋವಿಂದಯ್ಯನ ಫೋಟೋ ನೋಡಿ ಕೈಮುಗಿದರು. “ಸೇತುವೆ ಇದ್ದಿದ್ರೆ ಇವ್ರು ಆ ರಸ್ತೆಗೆ ಓಯ್ತಿದ್ರಾ ರಂಗಮ್ಮ?” ಎಂದರು. ಆ ಒಂದು ಮಾತು ಸಾಕಾಗಿತ್ತು. ಏಳುವಾಗ ಬಾಗಿಲಲ್ಲಿ ನಿಂತಿದ್ದ ಮಗ ಮಧುವನ್ನು ನೋಡಿ, “ಮಗ ಏನ್ ಮಾಡ್ಕಂಡವ್ನೆ?” ಎಂದು ಕೇಳಿದರು. ಮಧುವಿಗೆ ಮಗ್ಗ ಹಿಡಿಸಿರಲಿಲ್ಲ. ಸ್ವಲ್ಪ ದಿನ ಗೂಡ್ಸ್ ಆಟೋ ಓಡಿಸಿದ್ದ, ಈಗ ಮನೆಯಲ್ಲೇ ಇದ್ದ. “ಸೇತುವೆ ಆದ್ ಮೇಲೆ ನೋಡ್ಕಳಕ್ಕೆ ಜನ ಬೇಕಲ್ಲ, ನೋಡನ ಬುಡಿ,” ಎಂದು ಗುರುಮಲ್ಲಪ್ಪನವರು ಚಪ್ಪಲಿ ಮೆಟ್ಟಿದರು. ರಂಗಮ್ಮ ತಾನಾಗಿ ಅದನ್ನು ಕೇಳಿಕೊಂಡಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಆ ತಿಂಗಳು ಅವಳು ಎಳೆ ಕೂಡಿಸಲು ಹೋದ ಮನೆಯಲ್ಲೆಲ್ಲ ಸೇತುವೆಯ ಮಾತೇ. ಹೆರಿಗೆನೋವಿನ ಹೆಂಗಸನ್ನು ಆಟೋದಲ್ಲಿ ಕುಲುಕಿಸಿಕೊಂಡು ಏರಿ ಸುತ್ತುವುದು ತಪ್ಪುತ್ತದೆ, ಮಕ್ಕಳು ತಿರುವು ದಾಟುವುದು ತಪ್ಪುತ್ತದೆ ಎಂದು ಹೇಳಿದಳು. ಅವಳು ಹೇಳಿದ್ದು ಸುಳ್ಳಲ್ಲ, ಅವಳು ನಂಬಿದ್ದೂ ಅದನ್ನೇ. ಒಂದೊಂದೇ ಮನೆ ಒಪ್ಪಿತು. ಕೊನೆಗೆ ಉಳಿದವನು ಚೌಡೇಶ. ಅವನ ಮಗ್ಗದ ಹಿಂದೆ ಕೂತು ಎಳೆ ಹೊಸೆಯುತ್ತಲೇ ಅವಳು ಹೇಳಿದಳು: “ನಿನ್ ಭಾವುನ್ನ ಒತ್ಕಂಡು ಓಡ್ದೋನು ನೀನೇ ಕಣ್ಲಾ. ನಿಂಗೆ ನಾನು ಬುಡ್ಸಿ ಏಳ್ಬೇಕಾ?”

ಚೌಡೇಶ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. “ಆಯ್ತಕ್ಕಾ,” ಎಂದ. “ಆದ್ರೆ ನಾನ್ ನಂಬ್ತಿರದು ಅವ್ರುನ್ನಲ್ಲ. ನಿನ್ನ.”

ಹೊಂಗೆ ಮರಗಳನ್ನು ಕಡಿದರು. ದಂಡೆಗೆ ತಗಡಿನ ಬೇಲಿ ಹಾಕಿದರು. ಹಾಸು ಚಾಚುವುದು ಬೀದಿಗೆ ಬಂತು. ಬೀದಿಯಲ್ಲಿ ಸ್ಕೂಟರು, ಆಟೋ, ನಾಯಿ, ಧೂಳು. ಒಮ್ಮೆ ಹಾಲಿನ ಟೆಂಪೊ ಚೌಡೇಶನ ಹಾಸನ್ನು ಚಕ್ರಕ್ಕೆ ಸುತ್ತಿಕೊಂಡು ಎಳೆದುಕೊಂಡೇ ಹೋಯಿತು. ಮದುವೆ ಸೀರೆಗೆಂದು ಬಣ್ಣ ಕಟ್ಟಿಸಿದ ರೇಷ್ಮೆ ಚರಂಡಿಯುದ್ದಕ್ಕೂ ಬಿದ್ದಿತ್ತು. ಚೌಡೇಶನ ಹೆಂಡತಿ ಸಾಕಮ್ಮ ಅದನ್ನು ಬಾಚಿಕೊಂಡು ಬಂದು ರಂಗಮ್ಮನ ಜಗಲಿಯ ಮೇಲೆ ಹಾಕಿ ಹೋದಳು. “ಇನ್ನೊಂದೀಟು ದಿನ ಕಣವ್ವ, ಚಪ್ಪರ ಆಯ್ತದೆ,” ಎಂದು ರಂಗಮ್ಮ ಅವಳ ಬೆನ್ನಿಗೆ ಹೇಳಿದಳು. ಅವಳಿಂದ ಅದನ್ನು ಎಲ್ಲರೂ ಎಷ್ಟು ಸಲ ಕೇಳಿದ್ದರೆಂದರೆ, ಮಕ್ಕಳು ಆಟದಲ್ಲಿ ಯಾರಾದರೂ ಸುಳ್ಳು ಹೇಳಿದರೆ “ಚಪ್ಪರ ಆಯ್ತದೆ” ಎಂದು ಕಿಚಾಯಿಸುವಷ್ಟು.

ಸೇತುವೆ ಮುಗಿಯುವ ಮುನ್ನವೇ ಮಧುವಿಗೆ ಕಾವಲಿನ ಕೆಲಸ ಸಿಕ್ಕಿತು. ನೀಲಿ ಅಂಗಿ, ಟೋಪಿ, ಕೊರಳಿಗೆ ಸೀಟಿ. ಸೊಸೆ ಇಂಚರ ಬೀದಿಗೆಲ್ಲ ಸಿಹಿ ಹಂಚಲು ಹೋದಳು. ಕೆಲವರು ತೆಗೆದುಕೊಂಡರು. ಕೆಲವರು ಬಾಗಿಲಿಗೆ ಬರಲಿಲ್ಲ.

ಉದ್ಘಾಟನೆಯ ದಿನ ಆರತಿ ತಟ್ಟೆ ಹಿಡಿಯಲು ರಂಗಮ್ಮನನ್ನೇ ಕರೆದರು. ಎಲ್ಲರನ್ನೂ ಬಡಾವಣೆಯ ತುದಿಯಲ್ಲಿ ಸೇರಿಸಿದ್ದರು. ಸೇತುವೆ ನಿಜಕ್ಕೂ ಚೆನ್ನಾಗಿತ್ತು. ಬಿಳಿಯ ಉಕ್ಕಿನ ಕಂಬದಿಂದ ಬಿಗಿದ ತಂತಿಗಳು ಎರಡೂ ಕಡೆ ಇಳಿದಿದ್ದವು. ಕಾಲಡಿ ಮರದ ಹಲಗೆಯಂಥ ನೆಲ, ನಡುಮಧ್ಯೆ ಒಂದು ಮಾರು ಗಾಜು, ಗಾಜಿನ ಕೆಳಗೆ ನೀರು. ದೊಡ್ಡವರು ಟೇಪು ಕತ್ತರಿಸಿದ ಮೇಲೆ ರಂಗಮ್ಮ ತಟ್ಟೆ ಹಿಡಿದು ನಡೆದಳು. ಕೆರೆಯ ಗಾಳಿ ಮುಖಕ್ಕೆ ಬಡಿಯಿತು. ಲಾರಿಯ ಸದ್ದಿಲ್ಲ, ಹಾರನ್ ಇಲ್ಲ. ಅವಳಿಗೆ ಗಂಡನ ನೆನಪಾಗಿ ಕಣ್ಣು ತುಂಬಿತು. ಬದುಕಿನಲ್ಲಿ ನಾನೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡಳು. ಹಾಗೆಂದುಕೊಂಡದ್ದು ಸೇತುವೆಯ ಕೊನೆ ಮುಟ್ಟುವವರೆಗೆ ಮಾತ್ರ.

ಈ ತುದಿಯಲ್ಲಿ ಸೇತುವೆ ಕೆರೆಬೀದಿಗೆ ಇಳಿಯಲಿಲ್ಲ. ದಂಡೆಯ ಮೇಲೆ ಬಾಗಿ, ಒಂದು ದುಂಡನೆಯ ಕಟ್ಟೆಯಾಗಿ ಮುಗಿಯಿತು. ಅಲ್ಲಿ ನಿಂತು ಕೆರೆ ನೋಡಬೇಕು, ಫೋಟೋ ತೆಗೆಸಿಕೊಳ್ಳಬೇಕು, ಬಂದ ದಾರಿಯಲ್ಲೇ ಹಿಂದಿರುಗಬೇಕು. ಕಟ್ಟೆಯ ಹಿಂದೆ, ಬೀದಿಯ ಹಿತ್ತಿಲುಗಳಿಗೆ ಅಡ್ಡವಾಗಿ, ಎರಡಾಳೆತ್ತರದ ಗೋಡೆ. ಗೋಡೆಯ ತುಂಬ ಚಿತ್ರ. ಮೈತುಂಬ ಒಡವೆ ಹೇರಿಕೊಂಡು ಮಗ್ಗದ ಮುಂದೆ ಕೂತು ನಗುವ ಹೆಂಗಸರು. ತಗಡಿನ ಬೇಲಿಯ ಹಿಂದೆ ಗೋಡೆ ಏಳುತ್ತಿರುವುದನ್ನು ಬೀದಿಯವರು ಕಂಡಿದ್ದರು, ಅದನ್ನು ಚಪ್ಪರದ ಗೋಡೆ ಎಂದುಕೊಂಡಿದ್ದರು.

“ನಮ್ ಬೀದಿಗೆ ಎಲ್ಲಪ್ಪ ಇಳಿಯಾದು?” ಎಂದು ಅವಳು ನಿರಂಜನನನ್ನು ಕೇಳಿದಳು.

“ಅದು ಎರಡನೇ ಹಂತದಲ್ಲಿ ಬರುತ್ತೆ ಅಮ್ಮ,” ಎಂದ ಅವನು ಅವಳ ಮುಖ ನೋಡದೆ. “ಅಲ್ಲಿ ಒಂದು ಚಿಕ್ಕ ಬಾಗಿಲಿದೆ ನೋಡಿ. ಸದ್ಯಕ್ಕೆ ಕ್ಲೀನ್ ಮಾಡೋರಿಗೆ.”

ಗೋಡೆಯ ಮೂಲೆಯಲ್ಲಿ ಕಬ್ಬಿಣದ ಬಾಗಿಲಿತ್ತು. ಬೀಗ ಹಾಕಿತ್ತು. ಬೀಗದ ಕೈ ಮಧುವಿನ ಸೊಂಟದಲ್ಲಿತ್ತು.

ಆರತಿ ತಟ್ಟೆ ಹಿಡಿದುಕೊಂಡೇ ಅವಳು ಸೇತುವೆಯ ಮೇಲೆ ವಾಪಸ್ ನಡೆದು, ಏರಿ ಸುತ್ತಿಕೊಂಡು ಮನೆಗೆ ಬಂದಳು.

ಎರಡನೇ ಹಂತ ಬರಲಿಲ್ಲ. ಸೇತುವೆಗೆ ಟಿಕೆಟ್ ಬಂತು. ಮದುವೆಗೆ ಮುಂಚೆ ಜೋಡಿಗಳು ಬಂದು ಗಾಜಿನ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳತೊಡಗಿದರು. ಗೋಡೆಯ ಈಚೆ ಅವರ ಹಾಡು ಕೇಳುತ್ತಿತ್ತು. ಬೀದಿಗೆ ಗಾಳಿ ಬರುವುದು ನಿಂತಿತ್ತು. ಹಿತ್ತಿಲ ಬಾಗಿಲು ತೆಗೆದರೆ ಸಿಮೆಂಟು.

ರಂಗಮ್ಮ ಗುರುಮಲ್ಲಪ್ಪನವರ ಮನೆಗೆ ಹೋದಳು. ಅವರು ಗೌರವದಿಂದಲೇ ಕುರ್ಚಿ ಹಾಕಿಸಿದರು.

“ನೀವು ಕೊಟ್ ಮಾತು ಏನಾಯ್ತು ಸಾವ್ಕಾರ್ರೇ?”

“ನನ್ ಕೈಲಿ ಏನದೆ ಏಳಿ ರಂಗಮ್ಮ. ಬಡಾವಣೆ ಜನ ಎಲ್ರೂ ತಕರಾರು ಮಾಡುದ್ರು. ಅಷ್ಟು ಚೆಂದದ ಸೇತುವೆ ಮೇಲೆ ನಿಂತ್ಕಂಡ್ರೆ ಎದುರುಗೆ ಏನ್ ಕಾಣ್ತದೆ? ಒಣಗಾಕಿರೋ ಬಟ್ಟೆ, ಕಕ್ಕಸು, ಮುಸುರೆ ನೀರು. ಮರ್ಯಾದೆ ಪ್ರಶ್ನೆ ಅಲ್ವಾ?”

“ಅದು ನಮ್ ಮನೆ ಹಿತ್ಲು.”

“ಊಂ ಕಣಮ್ಮ, ಅದುಕ್ಕೇ ಏಳ್ತಿರದು.” ಅವರು ದನಿ ತಗ್ಗಿಸಿದರು. “ಬೀದಿ ವಿಚಾರ ಬುಡಿ. ನಿಮ್ಗೆ ಏನ್ ಕಮ್ಮಿ ಆಗದೆ? ಮಗುಂಗೆ ಕೆಲ್ಸ ಆಗದೆ. ನಿಮ್ನ ನಾವು ಮರ್ತಿಲ್ವಲ್ಲ.”

ರಂಗಮ್ಮ ಕುರ್ಚಿಯಿಂದ ಎದ್ದಳು. ಈ ಮಾತು ಬೀದಿಯ ಬಾಯಲ್ಲಿ ಎಷ್ಟೋ ತಿಂಗಳಿಂದ ಓಡಾಡುತ್ತಿತ್ತು. ರಂಗಕ್ಕ ಮಗನ ಕೆಲಸಕ್ಕೆ ದಂಡೆ ಮಾರಿದಳು ಎಂದು. ಅದನ್ನು ಅವಳು ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕಿದ್ದಳು. ಈಗ ಕೊಂಡವನ ಬಾಯಿಂದಲೇ ಕೇಳಿದಳು.

ಆ ವರ್ಷದ ಆಶ್ವಯುಜದಲ್ಲಿ ಮಳೆ ಹಿಡಿಯಿತು. ಮೊದಲೆಲ್ಲ ಬೀದಿಯ ನೀರು ಹಿತ್ತಿಲುಗಳ ನಡುವಿನ ಸಂದಿಗಳಲ್ಲಿ ಇಳಿದು ಕೆರೆ ಸೇರುತ್ತಿತ್ತು. ಈಗ ಗೋಡೆ ಅಡ್ಡವಿತ್ತು. ಕಟ್ಟುವಾಗ ಬಿಟ್ಟಿದ್ದ ಸಣ್ಣ ಕೊಳವೆಗಳನ್ನು ಕೆರೆಗೆ ಕೊಳಕು ಬರುತ್ತದೆಂದು ಆಮೇಲೆ ಮುಚ್ಚಿಸಿದ್ದರು. ಒಂದು ಮಧ್ಯಾಹ್ನ ಆಕಾಶವೇ ಕಳಚಿದಂತೆ ಸುರಿಯಿತು. ನೀರು ಗೋಡೆಗೆ ಬಡಿದು ಹಿಂದಿರುಗಿ, ಹಿತ್ತಿಲು ತುಂಬಿ, ಹೊಸ್ತಿಲು ದಾಟಿ, ಮನೆಯೊಳಗಿನ ಮಗ್ಗದ ಗುಂಡಿಗಳಿಗೆ ಇಳಿಯತೊಡಗಿತು. ಕೆರೆಬೀದಿಯ ಮಗ್ಗಗಳು ನೆಲದ ಗುಂಡಿಯವು. ಕಾಲಿಡುವ ಜಾಗ ತುಂಬಿದ ಮೇಲೆ ನೀರು ಮೇಲಿನ ರೇಷ್ಮೆಗೆ ಬರಲು ಎಷ್ಟು ಹೊತ್ತು?

ಹೆಂಗಸರು ಬಿಂದಿಗೆ, ಚೊಂಬು ಹಿಡಿದು ಮೊಗೆದರು. ಮೊಗೆದದ್ದಕ್ಕಿಂತ ಹೆಚ್ಚು ಬರುತ್ತಿತ್ತು. ಗಂಡಸರೆಲ್ಲ ಕಬ್ಬಿಣದ ಬಾಗಿಲಿನ ಬಳಿ ಸೇರಿ ಬಡಿದರು. ರಂಗಮ್ಮ ಮೊಣಕಾಲುದ್ದ ನೀರಿನಲ್ಲಿ ಅಲ್ಲಿಗೆ ಬಂದಳು. ಬಾಗಿಲಿನ ಮೇಲುಭಾಗದ ಸರಳಿನಾಚೆ ಮಧು ಕಾಣಿಸಿದ. ಕಟ್ಟೆಯ ಮೇಲೆ, ನೀರು ನಿಲ್ಲದ ಜಾಗದಲ್ಲಿ, ಕೊಡೆ ಹಿಡಿದು ನಿಂತಿದ್ದ.

“ಮಧು, ಬಾಗ್ಲು ತಗಿಯೋ! ನೀರ್ ಓಗ್ಲಿ!”

“ಫೋನ್ ಮಾಡಿದೀನಿ ಅವ್ವ. ತಗೀಬೇಡ ಅಂತವ್ರೆ. ನಾಳೆ ಕೆರೆ ಉತ್ಸವ ಅದೆ, ಕೊಚ್ಚೆ ಎಲ್ಲ ಕಟ್ಟೆ ಮೇಲೆ ಬತ್ತದೆ.”

“ಚೌಡೇಶುನ್ ಮಗ್ಗ ಮುಳುಗ್ತಾ ಅದೆ ಕಣ್ಲಾ! ಆ ಮನೇಲಿ ಅನ್ನ ತಿಂದ್ ಬೆಳ್ದಿದೀಯ ನೀನು!”

ಮಧು ಸೊಂಟದ ಬೀಗದ ಕೈ ಮುಟ್ಟಿಕೊಂಡ. ಒಂದು ಕ್ಷಣ ಅವನು ಬಂದೇಬಿಡುತ್ತಾನೆ ಎಂದು ಅವಳಿಗನಿಸಿತು. “ನನ್ ಕೆಲ್ಸ ಓಯ್ತದೆ ಅವ್ವ,” ಎಂದ ಅವನು. ದನಿ ಅಳುವವನಂತಿತ್ತು. “ನೀನೇ ಕೊಡ್ಸಿದ್ ಕೆಲ್ಸ.”

ಚೌಡೇಶನ ಕೈಯಲ್ಲಿ ಹಾರೆ ಇತ್ತು. ಅವನು ಅದನ್ನು ಎತ್ತಿರಲಿಲ್ಲ. ಅವಳ ಮಗನ ಮುಂದೆ ಎತ್ತಲು ಹಿಂದೆಮುಂದೆ ನೋಡುತ್ತಿದ್ದ. ರಂಗಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಬಾಗಿಲ ಪಕ್ಕದ ಗೋಡೆಗೆ ಹೊಡೆದಳು. ಮೊದಲ ಏಟಿಗೆ ಬರೀ ಗಾರೆ ಉದುರಿತು. ಎರಡನೆಯದಕ್ಕೆ ಇಟ್ಟಿಗೆ ಕಂಡಿತು. ಆಮೇಲೆ ಚೌಡೇಶ, ಅವನ ಹಿಂದೆ ಉಳಿದವರು. ಗೋಡೆ ಒಳಗೆ ಟೊಳ್ಳಾಗಿತ್ತು. ಅಗಲಕ್ಕೆ ಕುಸಿದುಬಿತ್ತು. ತಡೆದಿದ್ದ ನೀರು ಸಗಣಿ, ಬೂದಿ, ಗೋಡೆಯ ಬಣ್ಣ ಎಲ್ಲವನ್ನೂ ಹೊತ್ತುಕೊಂಡು ಕಟ್ಟೆಯ ಮೇಲೆ ನುಗ್ಗಿ, ಉತ್ಸವಕ್ಕೆ ಹಾಸಿದ್ದ ಕೆಂಪು ಜಮಖಾನವನ್ನು ಎಳೆದುಕೊಂಡು ಕೆರೆಗೆ ಬಿತ್ತು.

ಮಗ್ಗಗಳು ಉಳಿದವು. ರೇಷ್ಮೆ ಉಳಿಯಲಿಲ್ಲ. ಕೆಳಗಿನ ಮನೆಗಳ ಹಾಸೆಲ್ಲ ಕೊಚ್ಚೆಯಲ್ಲಿ ನೆನೆದು ಒಂದರ ಬಣ್ಣ ಒಂದಕ್ಕೆ ಹತ್ತಿತ್ತು.

ಮರುದಿನ ಬೆಳಗ್ಗೆ ಪೊಲೀಸರು ಬಂದರು. ಸಾರ್ವಜನಿಕ ಆಸ್ತಿಗೆ ಹಾನಿ. ಯಾರಾರು ಇದ್ದರೆಂದು ಕಾವಲಿನವನು ಹೇಳಬೇಕಾಗಿತ್ತು, ಹೇಳಿದ್ದ. ಚೌಡೇಶನನ್ನೂ ಇನ್ನು ನಾಲ್ವರನ್ನೂ ಜೀಪಿಗೆ ಹತ್ತಿಸಿದರು. ರಂಗಮ್ಮನ ಮನೆಯ ಬಾಗಿಲು ತಟ್ಟಲಿಲ್ಲ.

ಅವಳು ಒಳಗೆ ಬಂದು ಮಗನ ಮುಂದೆ ನಿಂತಳು. “ನನ್ ಎಸ್ರು ಯಾಕ್ಲಾ ಏಳ್ಲಿಲ್ಲ?”

ಮಧು ತಟ್ಟೆಯಿಂದ ತಲೆಯೆತ್ತಲಿಲ್ಲ. “ಎತ್ತವ್ವುನ್ ಎಸ್ರು ಎಂಗ್ ಏಳ್ಲಿ?”

“ಮೊದುಲ್ ಒಡ್ದೋಳು ನಾನು.”

“ಮೊದುಲ್ ಒಡ್ದೋನು ಚೌಡೇಶಣ್ಣ ಅಂತ ಏಳಿದೀನಿ.”

ಇಂಚರ ಗಂಡನ ತಟ್ಟೆಗೆ ಮುದ್ದೆ ಹಾಕಲು ಬಂದವಳು ಹಾಗೇ ನಿಂತಳು. ರಂಗಮ್ಮ ಸೆರಗು ಸರಿಮಾಡಿಕೊಂಡು ಠಾಣೆಗೆ ನಡೆದಳು.

ಠಾಣೆಯ ಹೊರಗೆ ಸಾಕಮ್ಮ ಮತ್ತು ಬೀದಿಯ ಹೆಂಗಸರು ನೆಲದ ಮೇಲೆ ಕೂತಿದ್ದರು. ಅವರ ನಡುವೆ ಹಾದು ಒಳಗೆ ಹೋಗಿ, ಮೇಜಿನ ಹಿಂದಿದ್ದ ಅಧಿಕಾರಿಗೆ ಅವಳು ಹೇಳಿದಳು: “ಗ್ವಾಡೆ ಒಡ್ದೋಳು ನಾನು ಸಾ. ಆ ಹುಡುಗ್ರು ನನ್ ಇಂದೆ ಬಂದ್ರು. ನನ್ನೂ ಬರ್ಕಳಿ.”

ಅವನು ಅವಳ ನರೆಗೂದಲು, ಸೊರಗಿದ ತೋಳು ನೋಡಿ ನಕ್ಕ. “ನೀವಾ ಅಜ್ಜಿ? ಆ ಗೋಡೇನಾ?”

“ಊಂ ಸಾ, ನಾನೇ.”

“ನೋಡಿ, ನಿಮ್ಮನ್ನ ಇದಕ್ಕೆ ಸೇರಿಸೋದು ಬೇಡ ಅಂತ ಆಗ್ಲೇ ಹೇಳಿದಾರೆ. ಆ ಅಮ್ಮ ನಮ್ಮೋರು ಅಂತ ಗುರುಮಲ್ಲಪ್ಪನವರೇ ಫೋನ್ ಮಾಡಿದ್ರು. ಮನೆಗೆ ಹೋಗಿ, ನಿನ್ನೆ ಮಳೇಲಿ ಮೈ ನೆನೆಸ್ಕೊಂಡಿದೀರ, ಜ್ವರಗಿರ ಬಂದೀತು.”

ಅವನು ದೊಡ್ಡದಾಗಿಯೇ ಹೇಳಿದ್ದ. ಬಾಗಿಲ ಹೊರಗಿದ್ದವರಿಗೆಲ್ಲ ಕೇಳಿಸಿತು. ರಂಗಮ್ಮ ಮತ್ತೆ ಮತ್ತೆ ಹೇಳಿದಳು, ಮೇಜು ಬಡಿದಳು. ಪೇದೆಯೊಬ್ಬ ಅವಳ ಭುಜ ಹಿಡಿದು, ಮರ್ಯಾದೆಯಿಂದಲೇ, ಹೊರಗೆ ತಂದು ಬಿಟ್ಟ. ಹೆಂಗಸರು ಅವಳಿಗೆ ದಾರಿ ಬಿಡಲು ಕಾಲು ಮಡಚಿಕೊಂಡರು. ಯಾರೂ ತಲೆಯೆತ್ತಲಿಲ್ಲ.

“ಸಾಕಮ್ಮ, ನಾನ್ ಏಳ್ದೆ ಕಣೇ. ಅವ್ರು ಬರ್ಕತಿಲ್ಲ.”

“ಯಾಕ್ ಬರ್ಕತಾರಕ್ಕ,” ಎಂದಳು ಸಾಕಮ್ಮ. ಸಿಟ್ಟಿನ ದನಿಯಲ್ಲ, ಸುಸ್ತಾದವಳ ದನಿ. “ನೀನ್ ಅವ್ರೋಳು.”

ಮೂರನೆಯ ದಿನ ಐವರನ್ನೂ ಜಾಮೀನಿನ ಮೇಲೆ ಬಿಟ್ಟರು. ಕೇಸು ನಡೆಯಿತು. ಪ್ರತಿ ತಾರೀಕಿಗೂ ಅವರು ನೇಯುವುದು ಬಿಟ್ಟು ಕೋರ್ಟಿಗೆ ಹೋಗಿ ಮರದ ಕೆಳಗೆ ಕೂರುತ್ತಿದ್ದರು. ರಂಗಮ್ಮನೂ ಹೋಗುತ್ತಿದ್ದಳು, ಸ್ವಲ್ಪ ದೂರದಲ್ಲಿ ಕೂರುತ್ತಿದ್ದಳು. ಅವರ ವಕೀಲರಿಗೆ ತಾನೇ ಸಾಕ್ಷಿ ಹೇಳುತ್ತೇನೆಂದಳು. ವಕೀಲರು ಕನ್ನಡಕದ ಮೇಲಿಂದ ನೋಡಿ, ಸರ್ಕಾರದ ಸಾಕ್ಷಿಯ ತಾಯಿ ನೀವು, ನಿಮ್ಮನ್ನು ನಂಬಿ ನಾನು ಹೇಗೆ ಕರೆಸಲಿ ಎಂದರು. ನಂಬುವುದಕ್ಕೆ ಚೌಡೇಶನನ್ನು ಕೇಳಿ ಎಂದು ಅವಳು ಅವನತ್ತ ತಿರುಗಿದಳು. ಚೌಡೇಶ ಬೀಡಿ ಹಚ್ಚುತ್ತಿದ್ದ.

ಕೊನೆಗೆ ಗುರುಮಲ್ಲಪ್ಪನವರೇ ದೊಡ್ಡ ಮನಸ್ಸು ಮಾಡಿದರು. ಹಾಗೆಂದು ಊರೆಲ್ಲ ಹೇಳಿತು. ರಾಜಿ ಮಾಡಿಕೊಳ್ಳುವುದಾದರೆ ಸಮಿತಿ ಕೇಸಿನ ಬೆನ್ನು ಹತ್ತುವುದಿಲ್ಲ. ಗೋಡೆಯಲ್ಲಿ ಒಂದು ದೊಡ್ಡ ಮೋರಿಯನ್ನೂ ಬಿಡಿಸಿಕೊಡುತ್ತಾರೆ, ಮೋರಿ ನೀರು ಬೇರೆ ಕಡೆ ಹರಿದುಹೋಗುವಂತೆ. ಬೀದಿಯವರು ಮಾಡಬೇಕಾದದ್ದು ಇಷ್ಟೆ: ಕೆರೆ ದಂಡೆಯ ಮೇಲೆ ತಮಗೆ ಯಾವ ಹಕ್ಕೂ ಇಲ್ಲ, ಹಿಂದೆಯೂ ಇರಲಿಲ್ಲ, ಇನ್ನು ಮುಂದೆ ದಾರಿ ಕೇಳುವುದಿಲ್ಲ ಎಂದು ಎಲ್ಲ ಮನೆಯವರೂ ಬರೆದುಕೊಡಬೇಕು.

ಚೌಡೇಶನ ಜಗಲಿಯ ಮೇಲೆ ಕಾಗದ ಇಟ್ಟರು. ಮನೆಗೊಬ್ಬರಂತೆ ಬಂದು ರುಜು ಹಾಕಿದರು. ರಂಗಮ್ಮ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳ ಮನೆಯ ಪರವಾಗಿ ಮಧು ಆಗಲೇ ಹಾಕಿ ಡ್ಯೂಟಿಗೆ ಹೋಗಿದ್ದ.

“ಇಂದೆಯೂ ಇರ್ಲಿಲ್ಲ ಅಂತ ಬರ್ದವ್ರಲ್ಲೋ ಚೌಡೇಶ,” ಎಂದಳು ಅವಳು. “ನಿಮ್ಮಪ್ಪ, ನಿಮ್ ತಾತ ಎಲ್ಲಿ ಚಾಚ್ತಿದ್ರು ಆಸ?”

ಠಾಣೆಗೆ ಹೋದ ದಿನದಿಂದ ಚೌಡೇಶ ಅವಳ ಜೊತೆ ಮಾತಾಡಿದ್ದು ಅದೇ ಮೊದಲು. “ಬುಡಕ್ಕಾ,” ಎಂದ. “ಮಗ್ಗ ಮಾರ್ತಾ ಇವ್ನಿ. ಮೋಳೆ ಊರ್ ಕಡೆ ಪವರ್‌ಲೂಮ್ ಶೆಡ್ಡಲ್ಲಿ ಕೆಲ್ಸ ಅದಂತೆ. ಅಲ್ಲಿ ಆಸು ಮಿಷನ್ನೇ ಸುತ್ತದೆ. ದಂಡೆ ಯಾಕ್ ಬೇಕು ನಂಗೆ?”

“ನನ್ ಮೇಲೆ ಕ್ವಾಪ ಇದ್ರೆ ಬಯ್ಯೋ. ಒಡಿ. ಸುಮ್ಕಿರ್ಬೇಡ.”

“ಕ್ವಾಪ ಏನಿಲ್ಲ ಕಣಕ್ಕ.” ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ. “ನಿನ್ ಮಾತ್ ಕೇಳ್ದೋನು ನಾನು. ಆ ತೆಪ್ಪು ನಂದು.”

ಬೈದಿದ್ದರೆ ಅವಳು ಆ ಬೀದಿಯಲ್ಲೇ ಉಳಿಯುತ್ತಿದ್ದಳೇನೋ. ಆದರೆ ಬೀದಿ ಅವಳನ್ನು ಬೈಯಲೂ ಇಲ್ಲ, ಕರೆಯಲೂ ಇಲ್ಲ. ಉಳಿದ ಮಗ್ಗಗಳವರು ಎಳೆ ಕೂಡಿಸಲು ಯಳಂದೂರಿನ ಕಡೆಯ ಒಬ್ಬ ಹುಡುಗಿಯನ್ನು ಕರೆಸಿಕೊಳ್ಳತೊಡಗಿದರು. ಆ ಹುಡುಗಿ ಬಸ್ಸಿಳಿದು ಬಂದು ರಂಗಮ್ಮನ ಮನೆಯಲ್ಲೇ ಒಮ್ಮೆ ದಾರಿ ಕೇಳಿದಳು. ರಂಗಮ್ಮ ಚೆನ್ನಾಗಿ ವಿವರಿಸಿ ಹೇಳಿದಳು. ನೀರು ಕೊಟ್ಟಳು.

ಮಧುವಿಗೆ ಕಾವಲಿನವರ ಮೇಸ್ತ್ರಿಯಾಗಿ ಬಡ್ತಿ ಆಯಿತು. ಅವನು ಅವ್ವನಿಗಾಗಿ ಸೇತುವೆಯ ಪಾಸು ಮಾಡಿಸಿಕೊಂಡು ಬಂದ. ಯಾವಾಗ ಬೇಕಾದರೂ ಹೋಗಬಹುದು, ಟಿಕೆಟ್ ಬೇಡ. ಪ್ರೀತಿಯಿಂದಲೇ ತಂದಿದ್ದ. ಅವಳು ಅದನ್ನು ತೆಗೆದುಕೊಂಡು ಗೂಡಿನಲ್ಲಿಟ್ಟಳು. ಮಗನ ಮೇಲೆ ಅವಳು ಕೂಗಾಡಲಿಲ್ಲ. ಕೂಗಾಡಲು ಅವನು ಮಾಡಿದ್ದರಲ್ಲಿ ತನ್ನದಲ್ಲದ್ದು ಯಾವುದು ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಅದಾದ ವಾರದಲ್ಲಿ ನಾಲ್ಕು ಸೀರೆ ಗಂಟುಕಟ್ಟಿಕೊಂಡು ಹನೂರಿನ ತಂಗಿಯ ಮನೆಗೆ ಹೊರಟಳು. ಇಂಚರ ಬಸ್ಸಿನವರೆಗೂ ಬಂದು, “ಯಾವಾಗ್ ಬತ್ತೀರತ್ತೆ?” ಎಂದು ಕೇಳಿದಳು. “ಬತ್ತೀನಿ ಕಣವ್ವ,” ಎಂದಳು. ಮತ್ತೆ ಆ ಬೀದಿಗೆ ಹೋಗಲಿಲ್ಲ.

ಹನೂರಿನಲ್ಲಿ ತಂಗಿಗೆ ರಸ್ತೆ ಬದಿಯ ಸಣ್ಣ ಹೋಟೆಲು. ಮಾದೇಶ್ವರನ ಬೆಟ್ಟಕ್ಕೆ ಹೋಗುವವರು, ನಡೆದು ಬರುವ ಹರಕೆಯವರು ಅಲ್ಲಿ ತಿಂಡಿಗೆ ನಿಲ್ಲುತ್ತಾರೆ. ರಂಗಮ್ಮ ಹಿಂದೆ ಕೂತು ತರಕಾರಿ ಹೆಚ್ಚುತ್ತಾಳೆ, ಜನ ಹೆಚ್ಚಾದ ದಿನ ಎಲೆ ಹಾಕುತ್ತಾಳೆ. ಬೆರಳು ಈಗ ಒರಟಾಗಿದೆ. ಕಳೆದ ಶಿವರಾತ್ರಿಯ ಮುಂಚೆ ಮಂಡ್ಯದ ಕಡೆಯ ಒಂದು ಸಂಸಾರ ಕಾರಿನಲ್ಲಿ ಬಂದಿಳಿಯಿತು. ಕೈತೊಳೆಯುತ್ತ ಆ ಮನೆಯ ಯಜಮಾನಿ, “ಬರೋವಾಗ ಕೊಳ್ಳೇಗಾಲದ ಸೇತುವೆ ನೋಡ್ಕೊಂಡು ಬರಬೇಕಂತಿದ್ವಿ ಅಜ್ಜಿ, ಹೊತ್ತಾಗೋಯ್ತು. ನೀವು ನೋಡಿದೀರಾ?” ಎಂದು ಕೇಳಿದಳು.

“ನೋಡಿವ್ನಿ ಕಣವ್ವ.”

“ಹೆಂಗಿದೆ? ಚೆನ್ನಾಗಿದೆ ಅಂತಾರೆ.”

“ಚೆಂದಾಗದೆ,” ಎಂದಳು ರಂಗಮ್ಮ. “ವಾಪಸ್ ಓಗ್ತಾ ನೋಡ್ಕಂಡೋಗಿ.” ಆಮೇಲೆ ಇಡ್ಲಿ ಬೇಕೋ ಚಿತ್ರಾನ್ನ ಬೇಕೋ ಎಂದು ಕೇಳಿ, ಎಲೆ ತರಲು ಒಳಗೆ ಹೋದಳು.